ಗಾಳಿಗೂ ಒಂದು ದಾರಿ ಬೇಕು



ಈ ಸಲದ ಗೋಡೆ ಪತ್ರಿಕೆಗೆ ನಾನು ಕಂಪ್ಯೂಟರಿನ ಫ್ಯಾನಿನ ಬಗ್ಗೆ ಬರೆಯುತ್ತೇನೆ ಎಂದಾಗ ಕೆಲವರು 'ಫ್ಯಾನಿನ ಬಗ್ಗೆ ಬರಿಯಾಕ ಏನೈತಿ? ಗುಂಡಿ ಒತ್ತಿದರ ತಿರಗತೈತಿ' ಎಂದರು. ಬರೆಯುವುದು ಬಹಳ ಇದೆ. ಸ್ವಲ್ಪ ನಿಂತು ಓದಿರಿ.

ಫ್ಯಾನ್ ಅಂದರೆ ತಂಪು ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಇಲ್ಲಿದ್ದ ಗಾಳಿಯನ್ನು ಅಲ್ಲಿಗೆ ದೂಡುತ್ತದೆ, ಅಷ್ಟೇ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ತಾಸು ಫ್ಯಾನ್ ಹಚ್ಚಿಟ್ಟು ಆಮೇಲೆ ಥರ್ಮಾಮೀಟರ್ ನೋಡಿರಿ, ಅದು ಇಳಿದಿರುವುದಿಲ್ಲ. ನಮಗೆ ತಂಪು ಅನ್ನಿಸುವುದು ನಮ್ಮ ಮೈಮೇಲಿನ ಬೆವರು ಆರುವುದರಿಂದ. ಕಂಪ್ಯೂಟರಿಗೆ ಬೆವರು ಬರುವುದಿಲ್ಲ. ಹಾಗಾದರೆ ಅದರ ಹೊಟ್ಟೆಯೊಳಗೆ ಫ್ಯಾನ್ ಯಾಕೆ ಇಟ್ಟಿದ್ದಾರೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಅಕ್ಕನ ಕೆಲಸ ಹೋಗುವ ಹೊತ್ತು ಬಂದಾಗ.

ನಮ್ಮ ಅಕ್ಕ ಪಿಯುಸಿ ಮುಗಿಸಿ, ಹಾವೇರಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿದ್ದಾಳೆ. ಅಪ್ಪ ಅದೇ ಪೇಟೆಯಲ್ಲಿ ಹಮಾಲಿ. ಹೋದ ವರ್ಷ ಅಪ್ಪನ ಸೊಂಟ ಹಿಡಿದು ಮೂರು ತಿಂಗಳು ಚೀಲ ಹೊರಲಿಕ್ಕೆ ಆಗಲಿಲ್ಲ. ಆಗ ಮನೆ ನಡೆದದ್ದು ಅಕ್ಕನ ಪಗಾರದಿಂದ. ನನ್ನ ನೋಟ್ ಬುಕ್ಕು, ಅಜ್ಜಿಯ ಗುಳಿಗೆ, ಸಂಘದ ಸಾಲದ ಕಂತು ಎಲ್ಲವೂ ಅದರಲ್ಲೇ.

ಬ್ಯಾಡಗಿ ಪೇಟೆಯನ್ನು ನೀವೆಲ್ಲ ನೋಡಿದ್ದೀರಿ. ಸೋಮವಾರ ಮತ್ತು ಗುರುವಾರ ಅಲ್ಲಿ ನೆಲವೇ ಕಾಣುವುದಿಲ್ಲ, ಎಲ್ಲಿ ನೋಡಿದರೂ ಕೆಂಪು ಚೀಲ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದಕ್ಕೇ ಅದಕ್ಕೆ ಬೆಲೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದರಲ್ಲಿ ಡಬ್ಬಿ ಮತ್ತು ಕಡ್ಡಿ ಎಂದು ಎರಡು ಬಗೆ. ದಪ್ಪಗೆ ಗಿಡ್ಡಗೆ ಇದ್ದರೆ ಡಬ್ಬಿ, ಉದ್ದಗೆ ತೆಳ್ಳಗೆ ಇದ್ದರೆ ಕಡ್ಡಿ. ಸುಗ್ಗಿ ಕಾಲದಲ್ಲಿ ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಗದಗ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ರೈತರೂ ರಾತ್ರಿಯೆಲ್ಲ ಗಾಡಿಯಲ್ಲಿ ಕುಳಿತು ಬರುತ್ತಾರೆ. ಟೆಂಡರ್ ಆದ ಮೇಲೆ ಯಾವ ಲಾಟು, ಎಷ್ಟು ಚೀಲ, ಎಷ್ಟು ತೂಕ, ಎಷ್ಟು ದರ ಎಂದು ಅಕ್ಕ ಕಂಪ್ಯೂಟರಿಗೆ ಹಾಕಬೇಕು. ಚೀಟಿ ಬಂದರೆ ರೈತನಿಗೆ ದುಡ್ಡು. ಚೀಟಿ ತಡವಾದರೆ ಅವನು ಆ ರಾತ್ರಿಯೂ ಚೀಲದ ಮೇಲೆಯೇ ಮಲಗಬೇಕು.

ಇದೇ ಫೆಬ್ರುವರಿಯಲ್ಲಿ ಆ ಕಂಪ್ಯೂಟರ್ ಪೇಟೆಯ ದಿನ ತಾನಾಗಿಯೇ ಆರಿ ಹೋಗತೊಡಗಿತು. ಕರೆಂಟು ಇರುತ್ತಿತ್ತು, ಲೈಟು ಉರಿಯುತ್ತಿತ್ತು, ಇದು ಮಾತ್ರ ಟಪ್ ಎಂದು ಬಂದ್. ಅಕ್ಕ ಹೊಡೆದ ಹತ್ತು ಹನ್ನೆರಡು ಬಿಲ್ಲು ಹೋಯಿತು ಎಂದೇ ಅರ್ಥ. ಮತ್ತೆ ಚಾಲೂ ಮಾಡಿದರೆ ಇಪ್ಪತ್ತು ನಿಮಿಷ ನಡೆದು ಮತ್ತೆ ಬಂದ್. ವಿಚಿತ್ರ ಏನೆಂದರೆ ಮಂಗಳವಾರ, ಬುಧವಾರ ಅದಕ್ಕೆ ಯಾವ ರೋಗವೂ ಇಲ್ಲ. ಹೊರಗೆ ರೈತರು ಕೂಗಾಡುವರು, ಒಳಗೆ ಸಾಹುಕಾರರು ಕೂಗಾಡುವರು. ಎರಡೂ ಅಕ್ಕನ ಮೇಲೆ.

'ಮಷೀನ ಛಲೋ ಐತಿ, ನಡಸೋರಿಗೆ ಬರಾಂಗಿಲ್ಲ' ಎಂದು ಸಾಹುಕಾರರು ಎಲ್ಲರ ಮುಂದೆ ಅಂದುಬಿಟ್ಟರು. 'ಬರೋ ಗುರುವಾರನೂ ಹಿಂಗ ಆತು ಅಂದ್ರ ಶುಕ್ರವಾರದಿಂದ ಬರಬ್ಯಾಡ' ಎಂದರು. ಅಕ್ಕ ಮನೆಗೆ ಬಂದು ಊಟ ಮಾಡಲಿಲ್ಲ. ಅವ್ವ ಕೇಳಿದ್ದಕ್ಕೆ, 'ನಾ ಏನೂ ತಪ್ಪು ಒತ್ತಿಲ್ಲವ್ವ' ಎಂದಳು. ಅಪ್ಪ ಬೆಳಿಗ್ಗೆ ಸಾಹುಕಾರರ ಹತ್ತಿರ ಹೋಗಿ, 'ಆಯತವಾರ ಅದನ್ನ ರಾಣೇಬೆನ್ನೂರಿಗೆ ಒಯ್ದು ತೋರಸ್ಕೊಂಡು ಬರ್ತೀವ್ರಿ, ಖರ್ಚು ನಮ್ದ' ಎಂದು ಕೇಳಿಕೊಂಡರು. ಅವರು ಹೂಂ ಎಂದರು.

ಭಾನುವಾರ ಆದ್ದರಿಂದ ನಾನೂ ಹೋದೆ. ಡಬ್ಬಿಯನ್ನು ಅಜ್ಜಿಯ ಹಳೆ ಕೌದಿಯಲ್ಲಿ ಸುತ್ತಿ ಅಪ್ಪ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಸ್ಸಿನಲ್ಲಿ ನನಗೂ ಅಕ್ಕನಿಗೂ ಕೆಮ್ಮು ಬಂತು. ಕೌದಿಯಿಂದಲ್ಲ, ಡಬ್ಬಿಯ ಸಂದಿಯಿಂದ ಮೆಣಸಿನಕಾಯಿ ಘಾಟು ಬರುತ್ತಿತ್ತು.

ರಾಣೇಬೆನ್ನೂರಿನ ರಿಪೇರಿ ಮಾಮಾ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು ಮೊದಲು ಒಂದು ಮಾತು ಹೇಳಿದರು. ನಾವೆಲ್ಲ ಈ ಡಬ್ಬಿಗೆ ಸಿಪಿಯು ಎನ್ನುತ್ತೇವೆ. ಅದು ಸರಿಯಲ್ಲ. ಸಿಪಿಯು ಅಂದರೆ ಒಳಗಿರುವ ಬಿಸ್ಕತ್ತಿನಷ್ಟು ಸಣ್ಣ ಚಿಪ್ಪು. ಡಬ್ಬಿಗೆ ಕ್ಯಾಬಿನೆಟ್ ಎನ್ನಬೇಕು. ಎಲ್ಲ ಲೆಕ್ಕ ಮಾಡುವುದು ಆ ಚಿಪ್ಪು. ಅದು ಉಣ್ಣುವ ಕರೆಂಟೆಲ್ಲ ಕೊನೆಗೆ ಶಾಖ ಆಗಿಬಿಡುತ್ತದೆ. ಇಡೀ ಕಂಪ್ಯೂಟರ್ 100 ವ್ಯಾಟ್ ಉಂಡರೆ, ಹಳೆ ಕಾಲದ 100 ವ್ಯಾಟಿನ ಬಲ್ಬು ಒಂದನ್ನು ಪೆಟ್ಟಿಗೆಯಲ್ಲಿ ಇಟ್ಟು ಉರಿಸಿದ ಹಾಗೆ. ಬಲ್ಬನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರೆ ಏನಾಗುತ್ತದೆ ಎಂದು ಕೋಳಿಮರಿ ಸಾಕಿದವರಿಗೆ ಗೊತ್ತು.

ಚಿಪ್ಪಿನ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳು ಒತ್ತೊತ್ತಾಗಿ ಇರುತ್ತವೆ, ಬಾಚಣಿಕೆಯ ಹಲ್ಲಿನ ಹಾಗೆ. ಶಾಖ ಚಿಪ್ಪಿನಿಂದ ರೆಕ್ಕೆಗೆ ಏರುತ್ತದೆ, ರೆಕ್ಕೆಯಿಂದ ಗಾಳಿಗೆ ಹೋಗುತ್ತದೆ. ಬಹುತೇಕ ಚಿಪ್ಪುಗಳು 90ರಿಂದ 100 ಡಿಗ್ರಿಯ ಸುಮಾರಿಗೆ ಬಂದಾಗ ತಮ್ಮನ್ನು ಉಳಿಸಿಕೊಳ್ಳಲು ತಾವೇ ನಿಧಾನ ಆಗುತ್ತವೆ. ಆಗಲೂ ಶಾಖ ಇಳಿಯದಿದ್ದರೆ ಯಂತ್ರ ತಾನೇ ಬಂದ್ ಆಗುತ್ತದೆ. 'ಕೆಟ್ಟಿದ್ದಕ್ಕ ಬಂದ್ ಆಗಿಲ್ಲ ತಂಗಿ, ಕೆಡಬಾರದಂತ ಬಂದ್ ಆಗೇತಿ' ಎಂದರು ಮಾಮಾ. ಸೋಮವಾರ, ಗುರುವಾರವೇ ಯಾಕೆ ಎಂಬುದೂ ಆಗ ತಿಳಿಯಿತು. ಆ ದಿನಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಬಿಡುವಿಲ್ಲದ ಕೆಲಸ. ಕೆಲಸ ಹೆಚ್ಚಾದರೆ ಶಾಖ ಹೆಚ್ಚು.

ಅಕ್ಕ ಹೇಳಿದಳು: 'ಅಣ್ಣಾರ, ಇದರಾಗ ಮೊದಲ ಒಂದ ಫ್ಯಾನ್ ಇತ್ತು. ಶಾಖ ಆಗತೈತಿ ಅಂತ ಸಾಹುಕಾರರು ಹೋದ ವರ್ಷ ಮತ್ತ ಎರಡು ಹಾಕ್ಸ್ಯಾರ. ಮೂರು ಫ್ಯಾನ್ ಅದಾವು.' ಮಾಮಾ, 'ಫ್ಯಾನ್ ಎಷ್ಟು ಅದಾವು ಅಂತ ಕೇಳಲಿಲ್ಲ ನಾ. ಗಾಳಿ ಎಲ್ಲಿಂದ ಬರತೈತಿ, ಎಲ್ಲಿಗೆ ಹೋಗತೈತಿ, ಅದನ್ನ ಹೇಳು' ಎಂದರು. ಅಕ್ಕನಿಗೆ ಗೊತ್ತಿರಲಿಲ್ಲ. ಅವರು ದೇವರ ಫೋಟೋದ ಮುಂದಿನಿಂದ ಒಂದು ಊದುಬತ್ತಿ ತಂದು ಹಚ್ಚಿದರು. ನನ್ನ ಕೈಗೆ ಕೊಟ್ಟು, 'ಡಬ್ಬಿ ಸುತ್ತಮುತ್ತ ಹಿಡಿ, ಹೊಗೆ ಎತ್ತಾಗ ಹೋಗತೈತಿ ನೋಡು' ಎಂದರು.

ಗೆಳೆಯರೇ, ಗಾಳಿ ಕಣ್ಣಿಗೆ ಕಾಣುವುದಿಲ್ಲ, ಹೊಗೆ ಕಾಣುತ್ತದೆ. ಹಿಂದಿನ ಫ್ಯಾನಿನ ಹತ್ತಿರ ಹಿಡಿದೆ, ಹೊಗೆ ಆಚೆ ಹಾರಿತು. ಅಂದರೆ ಗಾಳಿ ಹೊರಗೆ ಬರುತ್ತಿದೆ. ಪಕ್ಕದ ಫ್ಯಾನಿನ ಹತ್ತಿರ ಹಿಡಿದೆ, ಅಲ್ಲೂ ಹೊರಗೆ. ಮುಂದಿನ ಫ್ಯಾನಿನ ಹತ್ತಿರ ಹಿಡಿದೆ, ಅಲ್ಲೂ ಹೊರಗೇ! ಮೂರೂ ಫ್ಯಾನು ಗಾಳಿಯನ್ನು ಹೊರಗೆ ದೂಡುತ್ತಿವೆ, ಒಂದೂ ಒಳಗೆ ತರುತ್ತಿಲ್ಲ. ಆಮೇಲೆ ಸಿಡಿ ಹಾಕುವ ಸಂದಿಯ ಹತ್ತಿರ ಹಿಡಿದೆ. ಹೊಗೆ ಸೊರ್ ಎಂದು ಒಳಗೆ ಹೋಯಿತು. ಹಿಂದಿನ ಸಣ್ಣ ಸಣ್ಣ ಬಿರುಕುಗಳಲ್ಲೂ ಹಾಗೆಯೇ.

ಆಗ ಮಾಮಾ ಹೇಳಿದ್ದನ್ನು ನಾನು ಪಟ್ಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಡಬ್ಬಿಯಿಂದ ಎಷ್ಟು ಗಾಳಿ ಹೊರಗೆ ಹೋಗುತ್ತದೋ ಅಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಬಾಗಿಲು ಕೊಡದಿದ್ದರೆ ಅದು ಕಳ್ಳನ ಹಾಗೆ ಸಂದಿಯಿಂದ ಬರುತ್ತದೆ. ಸಂದಿಯಿಂದ ಬರುವ ಗಾಳಿ ಕಡಿಮೆ, ಬರುವಾಗ ದೂಳನ್ನೂ ಎಳೆದುಕೊಂಡು ಬರುತ್ತದೆ. ಬ್ಯಾಡಗಿಯಲ್ಲಿ ದೂಳು ಅಂದರೆ ಬರೀ ಮಣ್ಣಲ್ಲ, ಮೆಣಸಿನಕಾಯಿ ಪುಡಿ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಅದು ಉದುರುವುದಿಲ್ಲ, ಅಂಟಿಕೊಳ್ಳುತ್ತದೆ. ಪಕ್ಕದ ಹಲಗೆ ಬಿಚ್ಚಿದಾಗ ನಮಗೆ ಅಲ್ಯೂಮಿನಿಯಂ ರೆಕ್ಕೆ ಕಾಣಲೇ ಇಲ್ಲ. ಕೆಂಪು ಕಂಬಳಿ ಹೊದಿಸಿದ ಹಾಗೆ ಇತ್ತು. ಚಿಪ್ಪಿಗೆ ಸೆಕೆಯಾದರೆ ಫ್ಯಾನು ಇನ್ನೂ ಜೋರಾಗಿ ತಿರುಗುತ್ತದೆ. ಅದು ಬೀಸುವುದು ಕಂಬಳಿಯ ಮೇಲೆ. ಸಪ್ಪಳ ಹೆಚ್ಚಾಗುತ್ತದೆ, ತಂಪು ಆಗುವುದಿಲ್ಲ.

ಇದು ನನಗೆ ಬೇಗ ತಿಳಿಯಿತು, ಯಾಕೆಂದರೆ ನಮ್ಮ ಅಜ್ಜಿಯ ಮನೆ ಮಣ್ಣಿನ ಮಾಳಿಗೆ ಮನೆ. ಅಡುಗೆ ಮನೆಯ ಮೇಲೆ ಬೆಳಕಿಂಡಿ ಇದೆ. ಮುಂಬಾಗಿಲು ತೆರೆದು ಬೆಳಕಿಂಡಿಯನ್ನೂ ತೆರೆದರೆ ಒಲೆಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತದೆ, ಪಡಸಾಲೆಯಲ್ಲಿ ತಣ್ಣಗೆ ಗಾಳಿ ಆಡುತ್ತದೆ. ಬೆಳಕಿಂಡಿ ತೆರೆದು ಬಾಗಿಲು ಹಾಕಿದರೆ ಹೊಗೆ ಮನೆಯಲ್ಲೇ ಸುತ್ತುತ್ತದೆ. ಕಣದಲ್ಲಿ ರಾಶಿ ತೂರುವಾಗಲೂ ಅಜ್ಜ ಮೊದಲು ಒಂದು ಹಿಡಿ ಹೊಟ್ಟು ಮೇಲೆ ತೂರಿ ಗಾಳಿ ಎತ್ತ ಕಡೆಯಿಂದ ಎತ್ತ ಕಡೆಗೆ ಎಂದು ನೋಡಿ, ಆಮೇಲೆ ಮೊರ ಎತ್ತುತ್ತಿದ್ದರು. ಗಾಳಿಗೆ ಎದುರು ನಿಂತು ತೂರಿದರೆ ಹೊಟ್ಟೆಲ್ಲ ಮುಖಕ್ಕೆ.

ಮಾಮಾ ಮಾಡಿದ ಕೆಲಸ ಇಷ್ಟು. ಮೊದಲು ಹೊರಗೆ ಒಯ್ದು ಬ್ರಷ್ಷಿನಿಂದ, ಬ್ಲೋವರಿನಿಂದ ದೂಳು ತೆಗೆದರು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿದ್ದರು. ಇಲ್ಲದಿದ್ದರೆ ಫ್ಯಾನು ಬುಗುರಿಯ ಹಾಗೆ ಅತಿ ಜೋರಾಗಿ ತಿರುಗಿ ಅದರ ಬೇರಿಂಗ್ ಹಾಳಾಗುತ್ತದಂತೆ. ಆಮೇಲೆ ಚಿಪ್ಪಿನ ಮೇಲಿನ ಒಣಗಿದ ಪೇಸ್ಟನ್ನು ಒರೆಸಿ, ಹೊಸದನ್ನು ಕಡಲೆಕಾಳಿನಷ್ಟು ಹಚ್ಚಿದರು. ಚಿಪ್ಪಿಗೂ ರೆಕ್ಕೆಯ ತಳಕ್ಕೂ ನಡುವೆ ಕಣ್ಣಿಗೆ ಕಾಣದ ಸಂದಿ ಇರುತ್ತದೆ. ಅದರಲ್ಲಿ ಗಾಳಿ ಕುಳಿತರೆ ಶಾಖ ದಾಟುವುದಿಲ್ಲ, ಪೇಸ್ಟು ಆ ಸಂದಿಯನ್ನು ತುಂಬುತ್ತದೆ.

ಮುಂದಿನ ಫ್ಯಾನನ್ನು ಬಿಚ್ಚಿ ತಿರುವಿ ಹಾಕಿದರು. ಕಂಪ್ಯೂಟರ್ ಫ್ಯಾನಿನಲ್ಲಿ ಗಾಳಿ ಎತ್ತ ಹೋಗುತ್ತದೆ ಎಂದು ತಿಳಿಯಲು ಒಂದು ಗುರುತು ಇದೆ. ಅದರ ಒಂದು ಕಡೆ ರೆಕ್ಕೆಗಳು ಬಯಲಾಗಿ ಕಾಣುತ್ತವೆ. ಇನ್ನೊಂದು ಕಡೆ ಮೋಟರನ್ನು ಹಿಡಿದಿರುವ ಮೂರು ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳು ಇರುತ್ತವೆ. ಗಾಳಿ ಕಡ್ಡಿಗಳ ಕಡೆಗೆ ಹೊರಬರುತ್ತದೆ. ನಮ್ಮ ಮನೆಯ ಟೇಬಲ್ ಫ್ಯಾನಿನಲ್ಲಿ ಇದು ಉಲ್ಟಾ, ಮೋಟರ್ ಹಿಂದೆ ಇರುತ್ತದೆ, ಗಾಳಿ ಮುಂದೆ ಬರುತ್ತದೆ. ಕೆಲವು ಕಂಪ್ಯೂಟರ್ ಫ್ಯಾನಿನ ಅಂಚಿನಲ್ಲಿ ಬಾಣದ ಗುರುತೂ ಇರುತ್ತದೆ. ಬಾಣ ನೋಡದೆ ಹಾಕಿದರೆ ಫ್ಯಾನು ತಿರುಗುತ್ತದೆ, ಆದರೆ ಕೆಲಸ ಉಲ್ಟಾ.

ಪಕ್ಕದ ಫ್ಯಾನನ್ನು ತೆಗೆದೇಬಿಟ್ಟರು! ಮೂರಿದ್ದದ್ದು ಎರಡು ಆಯಿತು. ನನಗೆ ಗಾಬರಿ. ಅವರು ಹೇಳಿದರು: ಮುಂದಿನಿಂದ ಬಂದ ತಣ್ಣನೆ ಗಾಳಿ ಚಿಪ್ಪಿಗೆ ಮುಟ್ಟುವ ಮೊದಲೇ ಪಕ್ಕದ ಫ್ಯಾನು ಅದನ್ನು ಹೊರಗೆ ಎಳೆದುಬಿಡುತ್ತದೆ, ಹೊಲಕ್ಕೆ ಬರುವ ಕಾಲುವೆ ನೀರನ್ನು ನಡುದಾರಿಯಲ್ಲಿ ಒಡೆದುಕೊಂಡ ಹಾಗೆ. ಆ ತೂತನ್ನು ಟೇಪಿನಿಂದ ಮುಚ್ಚಿದರು. ಒಳಗೆ ಹಗ್ಗದ ಗಂಟಿನ ಹಾಗೆ ಜೋತಾಡುತ್ತಿದ್ದ ವೈರುಗಳನ್ನು ಒಂದು ಪಕ್ಕಕ್ಕೆ ಸರಿಸಿ ಕಟ್ಟಿದರು. ಮುಂದಿನ ಫ್ಯಾನಿನ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕಿದರು. ಈಗ ದಾರಿ ಒಂದೇ: ಮುಂದೆ ಕೆಳಗಿನಿಂದ ತಣ್ಣನೆ ಗಾಳಿ ಒಳಗೆ, ಚಿಪ್ಪಿನ ಮೇಲೆ ಹಾಯ್ದು, ಹಿಂದೆ ಮೇಲಿನಿಂದ ಬಿಸಿ ಗಾಳಿ ಹೊರಗೆ.

ನಾನು ಮತ್ತೆ ಊದುಬತ್ತಿ ಹಿಡಿದೆ. ಮುಂದೆ ಹೊಗೆ ಒಳಗೆ ಹೋಯಿತು, ಹಿಂದೆ ಹೊರಗೆ ಬಂತು. ಸಂದಿಗಳ ಹತ್ತಿರ ಹೊಗೆ ಒಳಗೆ ಹೋಗಲಿಲ್ಲ. ಜಾಳಿಗೆಯಿಂದ ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಡಬ್ಬಿ ಊದಿದ ಬಲೂನಿನ ಹಾಗೆ ಇರುತ್ತದೆ. ಆಗ ಬಿರುಕುಗಳಿಂದ ಗಾಳಿ ಹೊರಗೆ ಸೋರುತ್ತದೆಯೇ ಹೊರತು ದೂಳು ಒಳಗೆ ಬರುವುದಿಲ್ಲ.

ಕಂಪ್ಯೂಟರ್ ಚಾಲೂ ಆಗುವಾಗ ಒಂದು ಗುಂಡಿ ಒತ್ತಿದರೆ ಬಯೋಸ್ ಎಂಬ ಪುಟ ಬರುತ್ತದೆ. ಅಲ್ಲಿ ಚಿಪ್ಪಿನ ಶಾಖ ಎಷ್ಟು ಎಂದು ಬರೆದಿರುತ್ತದೆ. ರಿಪೇರಿಗೆ ಮೊದಲು ಹತ್ತು ನಿಮಿಷದಲ್ಲಿ 88 ಡಿಗ್ರಿ ಆಗಿತ್ತು. ಆಮೇಲೆ ಅರ್ಧ ತಾಸು ಬಿಟ್ಟರೂ 57ರ ಮೇಲೆ ಏರಲಿಲ್ಲ. ಖರ್ಚು 350 ರೂಪಾಯಿ. ಹೊಸ ಫ್ಯಾನ್ ಒಂದೂ ಇಲ್ಲ.

ಮರುದಿನ ಶಾಲೆಯಲ್ಲಿ ನಮ್ಮ ವಿಜ್ಞಾನದ ಗುರುಗಳಿಗೆ ಇದನ್ನೆಲ್ಲ ಹೇಳಿದೆ. ಅವರು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. 100 ವ್ಯಾಟ್ ಶಾಖ ಇರುವ ಡಬ್ಬಿಯಲ್ಲಿ ನಿಮಿಷಕ್ಕೆ 20 ಘನ ಅಡಿ ಗಾಳಿ ಹಾಯ್ದರೆ, ಹೊರಗೆ ಬರುವ ಗಾಳಿ ಒಳಗೆ ಹೋದ ಗಾಳಿಗಿಂತ ಸುಮಾರು 9 ಡಿಗ್ರಿ ಬಿಸಿ ಇರುತ್ತದೆ. ಗಾಳಿ ಅರ್ಧ ಆದರೆ 9 ಇದ್ದದ್ದು 18 ಆಗುತ್ತದೆ. ಕೋಣೆಯೇ 36 ಡಿಗ್ರಿ ಇದ್ದರೆ ಡಬ್ಬಿಯೊಳಗಿನ ಗಾಳಿ 54ಕ್ಕೆ ಹೋಯಿತು. ಚಿಪ್ಪು ಅದಕ್ಕಿಂತ ಎಷ್ಟೋ ಬಿಸಿ. ಇನ್ನೊಂದು ಲೆಕ್ಕ: ಫ್ಯಾನುಗಳು 80 ಮಿಲಿಮೀಟರ್, 120 ಮಿಲಿಮೀಟರ್ ಹೀಗೆ ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ. 120 ಅಂದರೆ 80ರ ಒಂದೂವರೆ ಪಟ್ಟು. ಆದರೆ ಬಾಯಿಯ ವಿಸ್ತೀರ್ಣ ಎರಡೂಕಾಲು ಪಟ್ಟು. ಆದ್ದರಿಂದ ದೊಡ್ಡ ಫ್ಯಾನು ನಿಧಾನ ತಿರುಗಿದರೂ ಸಣ್ಣದರಷ್ಟೇ ಗಾಳಿ ತರುತ್ತದೆ, ಸಪ್ಪಳವೂ ಕಡಿಮೆ. ವರ್ಗದ ಪಾಠ ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಗುರುಗಳು ಇನ್ನೂ ಕೆಲವು ಸಂಗತಿ ಹೇಳಿದರು. 1946ರಲ್ಲಿ ಅಮೆರಿಕದಲ್ಲಿ ಜನರಿಗೆ ತೋರಿಸಿದ ಎನಿಯಾಕ್ ಎಂಬ ಕಂಪ್ಯೂಟರಿನಲ್ಲಿ ಸುಮಾರು 18,000 ಗಾಜಿನ ಕೊಳವೆಗಳು ಇದ್ದವು. ಅದು ಸುಮಾರು 150 ಕಿಲೋವ್ಯಾಟ್ ಕರೆಂಟು ಉಣ್ಣುತ್ತಿತ್ತು, ಅಂದರೆ 100 ವ್ಯಾಟಿನ 1,500 ಬಲ್ಬು ಒಂದೇ ಕೋಣೆಯಲ್ಲಿ ಉರಿದ ಹಾಗೆ. ಅದಕ್ಕೆ ದೊಡ್ಡ ದೊಡ್ಡ ಫ್ಯಾನಿನಿಂದ ಗಾಳಿ ಹಾಯಿಸಬೇಕಾಗಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿಯ ಚಿಪ್ಪಿನ ಮೇಲೆ ಫ್ಯಾನೇ ಇರಲಿಲ್ಲ, ಅದು ಅಷ್ಟು ಕಡಿಮೆ ಕರೆಂಟಿನಲ್ಲಿ ನಡೆಯುತ್ತಿತ್ತು. ಚಿಪ್ಪುಗಳ ವೇಗ ಏರಿದಂತೆ ಶಾಖವೂ ಏರಿ, ಫ್ಯಾನು ಬಂತು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಮ್ ಪ್ರವೇಗ ಎಂಬ ಸೂಪರ್ ಕಂಪ್ಯೂಟರ್ ಬಂದಿದೆ. ಅದರ ಶಕ್ತಿ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಸಾವಿರಾರು ಕಂಪ್ಯೂಟರ್ ಇಡುವ ದೊಡ್ಡ ಕಟ್ಟಡಗಳಲ್ಲಿ ಸಾಲು ಸಾಲಾಗಿ ಕಪಾಟು ನಿಲ್ಲಿಸುವಾಗ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಇಡುತ್ತಾರಂತೆ. ಮುಖದ ಕಡೆಯ ಓಣಿಯಲ್ಲಿ ತಣ್ಣನೆ ಗಾಳಿ, ಬೆನ್ನಿನ ಕಡೆಯ ಓಣಿಯಲ್ಲಿ ಬಿಸಿ ಗಾಳಿ. ಒಂದರ ಬಿಸಿ ಉಸಿರನ್ನು ಇನ್ನೊಂದು ಎಳೆದುಕೊಳ್ಳಬಾರದು. ಸಣ್ಣ ಡಬ್ಬಿಗೂ ದೊಡ್ಡ ಕಟ್ಟಡಕ್ಕೂ ನಿಯಮ ಒಂದೇ.

ಹಾಗಾದರೆ ಫ್ಯಾನಿನಿಂದ ಕಂಪ್ಯೂಟರನ್ನು ಕೋಣೆಗಿಂತ ತಣ್ಣಗೆ ಮಾಡಬಹುದೇ? ಆಗುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಶೀತಲಗೃಹಗಳಿವೆ. ಅವು ಹೊರಗಿನ ಬಿಸಿಲಿಗಿಂತ ಎಷ್ಟೋ ತಣ್ಣಗೆ ಇರುತ್ತವೆ, ಯಾಕೆಂದರೆ ಅಲ್ಲಿ ಫ್ರಿಜ್ಜಿನ ಹಾಗೆ ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವ ಯಂತ್ರ ಇದೆ. ಬರೀ ಫ್ಯಾನು ಕೋಣೆಯ ಗಾಳಿಯನ್ನೇ ತರುತ್ತದೆ. ಆದ್ದರಿಂದ ಡಬ್ಬಿಯನ್ನು ಎಲ್ಲಿ ಇಡುತ್ತೇವೆ ಎಂಬುದೂ ಫ್ಯಾನಿನಷ್ಟೇ ಮುಖ್ಯ.

ಅಂಗಡಿಯಲ್ಲಿ ಅದು ಇದ್ದದ್ದು ಮೇಜಿನ ಕೆಳಗಿನ ಕಟ್ಟಿಗೆಯ ಗೂಡಿನಲ್ಲಿ, ಹಿಂದೆ ಗೋಡೆ, ಮುಂದೆ ದೂಳು ಬೀಳಬಾರದೆಂದು ಕಟ್ಟಿದ ಪ್ಲಾಸ್ಟಿಕ್ ಹಾಳೆ. ಹೊರಗೆ ಬಂದ ಬಿಸಿ ಗಾಳಿ ಗೂಡಿನಲ್ಲೇ ತಿರುಗಿ ಮತ್ತೆ ಒಳಗೆ. ಸೋಮವಾರ ನಸುಕಿನಲ್ಲೇ ಅಪ್ಪ ಹೋಗಿ ಅದನ್ನು ಗೂಡಿನಿಂದ ಹೊರಗೆ ತಂದು, ಗೋಡೆಯಿಂದ ಒಂದು ಗೇಣು ಬಿಟ್ಟು, ನೆಲದಿಂದ ಮೊಣಕಾಲೆತ್ತರದ ಹಲಗೆಯ ಮೇಲೆ ಇಟ್ಟು ಬಂದರು. ನೆಲದ ಹತ್ತಿರವೇ ದೂಳು ಹೆಚ್ಚು.

ಆ ಸೋಮವಾರ ಅದು ಬಂದ್ ಆಗಲಿಲ್ಲ. ಆದರೆ ಸಾಹುಕಾರರು ಕೊಟ್ಟ ಗಡುವು ಗುರುವಾರದ್ದು. ಗುರುವಾರ ನಮಗೆ ಶಾಲೆಯಲ್ಲಿ ಮನಸ್ಸೇ ನಿಲ್ಲಲಿಲ್ಲ. ನಾಲ್ಕನೆಯ ಪಿರಿಯಡ್ಡಿನಲ್ಲಿ ಕನ್ನಡ ಗುರುಗಳು ಎರಡು ಸಲ ನನ್ನ ಹೆಸರು ಕೂಗಿದರು. ಅಕ್ಕ ರಾತ್ರಿ ಒಂಬತ್ತೂವರೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಅವ್ವ ಅವಳ ಮುಖ ನೋಡಿದಳು. 'ಒಮ್ಮೆಯೂ ಬಂದ್ ಆಗಲಿಲ್ಲ' ಎಂದಳು. ಅವಳ ಕಣ್ಣು ಕೆಂಪಾಗಿತ್ತು, ಮೆಣಸಿನಕಾಯಿ ಘಾಟಿಗೋ ಬೇರೆ ಯಾತಕ್ಕೋ ನಾನು ಕೇಳಲಿಲ್ಲ. ಅವತ್ತು ಕೊನೆಯ ರೈತನೂ ಚೀಟಿ ತಗೊಂಡು ಊರಿಗೆ ಹೋದನಂತೆ.

ಸಾಹುಕಾರರು ಶುಕ್ರವಾರ ಏನೂ ಹೇಳಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಶನಿವಾರ ಮಾತ್ರ 350 ರೂಪಾಯಿ ಎಣಿಸಿ ಅಕ್ಕನ ಮೇಜಿನ ಮೇಲೆ ಇಟ್ಟು ಹೋದರಂತೆ. ಈಗ ಅಕ್ಕ ಪ್ರತಿ ಶನಿವಾರ ಸಂಜೆ ಆ ಜಾಳಿಗೆ ಬಿಚ್ಚಿ ಝಾಡಿಸಿ ಮತ್ತೆ ಹಾಕುತ್ತಾಳೆ. ಒಂದು ವಾರಕ್ಕೇ ಅದು ಕುಂಕುಮ ಬಳಿದ ಹಾಗೆ ಆಗಿರುತ್ತದೆ. ಮೊದಲು ಅದೆಲ್ಲ ಒಳಗೆ ಹೋಗುತ್ತಿತ್ತು.

ನಾನು ಇದರಿಂದ ಒಂದು ವಿಚಾರ ಮಾಡಿದ್ದೇನೆ. ಯಂತ್ರ ನಿಂತರೆ ಮೊದಲು ಅದರ ಮುಂದೆ ಕುಳಿತವರನ್ನು ಬೈಯುತ್ತಾರೆ. ಅವರು ಹುಡುಗಿಯಾದರೆ ಇನ್ನೂ ಬೇಗ ಬೈಯುತ್ತಾರೆ. ಆಮೇಲೆ ಇನ್ನೊಂದು ಫ್ಯಾನು ತಂದು ಹಚ್ಚುತ್ತಾರೆ. ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಎಲ್ಲಕ್ಕೂ ಕೊನೆಗೆ. ಆ ಪ್ರಶ್ನೆಗೆ ದುಡ್ಡು ಹತ್ತುವುದಿಲ್ಲ. ಅದನ್ನು ಮೊದಲೇ ಕೇಳಬೇಕು.

ಈಗ ನಮ್ಮ ಶಾಲೆಯ ಮಾತು. ಕಂಪ್ಯೂಟರ್ ಕೋಣೆಯಲ್ಲಿ ಇರುವ ಎರಡರಲ್ಲಿ ಕಿಟಕಿಯ ಕಡೆಯದು ಮಧ್ಯಾಹ್ನದ ಮೇಲೆ ಬಹಳ ಸಪ್ಪಳ ಮಾಡುತ್ತದೆ. ನಮ್ಮ ವರ್ಗದಲ್ಲಿ ಮನೆಯಲ್ಲಿ ಕಂಪ್ಯೂಟರ್ ಇರುವವರು ಯಾರೂ ಇಲ್ಲ. ಅದು ಕೆಟ್ಟರೆ ಮುಂದಿನ ವರ್ಷದ ಏಳನೆಯವರಿಗೆ ಒಂದೇ ಉಳಿಯುತ್ತದೆ. ಆದ್ದರಿಂದ ಗುರುಗಳಲ್ಲಿ ಮತ್ತು ಗೆಳೆಯರಲ್ಲಿ ನನ್ನ ವಿನಂತಿ ಇವು:

1. ಕಂಪ್ಯೂಟರ್ ನಡೆಯುವಾಗ ಅದರ ಮೇಲೆ ಬಟ್ಟೆ ಹೊದಿಸಬಾರದು. ಬಂದ್ ಮಾಡಿ, ಆರಿದ ಮೇಲೆ ಹೊದಿಸಬೇಕು.

2. ಡಬ್ಬಿಯ ಬೆನ್ನು ಗೋಡೆಗೆ ತಾಗಬಾರದು. ಒಂದು ಗೇಣು ಜಾಗ ಬಿಡಬೇಕು. ಅಲ್ಲಿ ಪುಸ್ತಕದ ಗಂಟು, ಕಸಬರಿಗೆ ಇಡಬಾರದು.

3. ಕಿಟಕಿಯ ಬಿಸಿಲು ಡಬ್ಬಿಯ ಮೇಲೆ ಬೀಳದ ಹಾಗೆ ಸರಿಸಬೇಕು.

4. ಕೋಣೆ ಕಸ ಹೊಡೆಯುವಾಗ ಕಂಪ್ಯೂಟರ್ ಬಂದ್ ಇರಲಿ. ನೀರು ಚಿಮುಕಿಸಿ ಹೊಡೆದರೆ ದೂಳು ಏಳುವುದಿಲ್ಲ, ಆದರೆ ಯಂತ್ರದ ಹತ್ತಿರ ನೀರು ಬೇಡ.

5. ವರ್ಷಕ್ಕೆ ಎರಡು ಸಲ, ಜೂನ್‌ನಲ್ಲಿ ಮತ್ತು ದಸರಾ ರಜೆಯಲ್ಲಿ, ವೈರು ಕಿತ್ತು, ಗುರುಗಳ ಎದುರಿಗೆ ಒಳಗಿನ ದೂಳು ತೆಗೆಯಬೇಕು. ನಾವು ಮಕ್ಕಳು ಒಬ್ಬರೇ ಬಿಚ್ಚಬಾರದು. ಕರೆಂಟು ಒಳಗೆ ಬರುವ ಕಬ್ಬಿಣದ ಪೆಟ್ಟಿಗೆಯನ್ನು ಯಾರೂ ತೆರೆಯಬಾರದು, ವೈರು ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ.

6. ಹೊಸ ಫ್ಯಾನು ಕೇಳುವ ಮೊದಲು ಊದುಬತ್ತಿ ಹಚ್ಚಿ ನೋಡಬೇಕು.

ಊದುಬತ್ತಿ ನಾನು ಮನೆಯಿಂದ ತರುತ್ತೇನೆ. ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ವಿಜ್ಞಾನದ ಗುರುಗಳು ಕೋಣೆಯ ಕೀಲಿ ತೆರೆಯುತ್ತೇನೆ ಎಂದಿದ್ದಾರೆ. ನೋಡಬೇಕೆನ್ನುವವರು ಬರಬಹುದು. ಕಿಟಕಿಯ ಕಡೆಯ ಕಂಪ್ಯೂಟರಿನಿಂದ ಶುರು ಮಾಡೋಣ.

– 7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ